ಮುಚ್ಚಳದ ಮೇಲಿನ ಹೆಸರು

ಪ್ರಯೋಗಾಲಯದಲ್ಲಿ ಚರ್ಮದ ಕೋಶಗಳನ್ನು ಸಾಕುವುದು ಅವಳ ಕೆಲಸ. ಹನ್ನೊಂದು ವರ್ಷ ಸಾಕಿ ಸಾಕಿ, ಮಕ್ಕಳಿಗಿಂತ ಇವುಗಳ ಹಟವೇ ಜಾಸ್ತಿ ಎಂದು ಕಂಡುಕೊಂಡಿದ್ದಳು. ಕೋಶದ ಮೈಮೇಲೆ ಗ್ರಾಹಕಗಳೆಂಬ ಕೊಕ್ಕೆಗಳಿರುತ್ತವೆ. ಸರಿಯಾದ ಪ್ರೋಟೀನು ಬಂದು ಅಲ್ಲಿ ಕೂತರೆ ಕೋಶ ಬೆಳೆಯುತ್ತದೆ. ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ವರ್ಷಗಟ್ಟಲೆ ತಿದ್ದಿ ತೀಡಿ ಅಂಥದೊಂದು ಹೊಸ ಪ್ರೋಟೀನು ಕಟ್ಟಿದ್ದರು. ವಾಸಿಯಾಗದ ಹುಣ್ಣಿಗೆ ಮುಂದೆ ಅದೇ ಮದ್ದಾಗಬೇಕು.

ಅಂಥ ಹುಣ್ಣು ಅವಳ ಅಕ್ಕನ ಪಾದದಲ್ಲೇ ಇತ್ತು. ಸಕ್ಕರೆ ಕಾಯಿಲೆಯದು, ಎಂಟು ತಿಂಗಳಾದರೂ ಜಗ್ಗಿರಲಿಲ್ಲ. ಮದ್ದು ಬರಲು ವರ್ಷಗಳು ಬೇಕೆಂದು ಗೊತ್ತಿದ್ದೂ ಅವಳು ಆಸೆಯನ್ನೆಲ್ಲ ಆ ಪ್ರೋಟೀನಿನ ಮೇಲೇ ಇಟ್ಟಿದ್ದಳು.

ಪರೀಕ್ಷೆ ಸರಳ. ತಟ್ಟೆಯಲ್ಲಿ ಒತ್ತಾಗಿ ಬೆಳೆದ ಕೋಶಗಳ ನಡುವೆ ಒಂದು ಗೆರೆ ಕೆರೆಯುವುದು; ಅದೇ ಗಾಯ. ಒಂದು ತಟ್ಟೆಗೆ ಪ್ರೋಟೀನು, ಇನ್ನೊಂದಕ್ಕೆ ಬರೀ ದ್ರವ. ಪ್ರೋಟೀನು ಹಾಕಿದ್ದು ಬೇಗ ಮುಚ್ಚಬೇಕು. ಮರುದಿನ ನೋಡಿದರೆ ಬರೀ ದ್ರವದ ತಟ್ಟೆಯಲ್ಲಿ ಗೆರೆ ಮುಚ್ಚಿತ್ತು, ಪ್ರೋಟೀನಿನದು ಬಾಯಿ ಬಿಟ್ಟುಕೊಂಡೇ ಇತ್ತು.

"ಇಷ್ಟು ದಿನ ನೀರಲ್ಲಿ ಹೋಮ ಮಾಡಿದ ಹಾಗಾಯ್ತು. ಇದನ್ನ ಬಿಟ್ಟುಬಿಡೋಣ," ಅಂದರು ಮೇಡಂ.

ಅವಳಿಗೆ ಊಟ ಸೇರಲಿಲ್ಲ. ತಟ್ಟೆಗಳನ್ನು ಎಸೆಯಲು ಎತ್ತಿಕೊಂಡಾಗ ಮುಚ್ಚಳದ ಮೇಲೆ ತನ್ನದೇ ದುಂಡು ಅಕ್ಷರ ಕಂಡು ತಟ್ಟೆ ತಿರುಗಿಸಿ ನೋಡಿದಳು. ತಳ ಖಾಲಿ. ಯಾವುದು ಯಾವ ತಟ್ಟೆಯೆಂಬ ಹೆಸರನ್ನು ತಳಕ್ಕೇ ಬರೆಯಬೇಕು. ಹೊಸಬರಿಗೆಲ್ಲ ಈ ಪಾಠ ಹೇಳುವವಳೇ ಅವಳು. ನಿನ್ನೆ ಅವಸರದಲ್ಲಿ ಮುಚ್ಚಳಕ್ಕೆ ಬರೆದಿದ್ದಳು. ಎರಡೂ ಮುಚ್ಚಳ ಪಕ್ಕಕ್ಕಿಟ್ಟು ಪ್ರೋಟೀನು ಹಾಕಿ ಮುಗಿಸುವಷ್ಟರಲ್ಲಿ ಆಸ್ಪತ್ರೆಯಿಂದ ಅಕ್ಕನ ಫೋನು ಬಂದಿತ್ತು. ಆಮೇಲೆ ಯಾವುದಕ್ಕೆ ಯಾವ ಮುಚ್ಚಳ ಹಾಕಿದಳೋ ದೇವರಿಗೇ ಗೊತ್ತು.

ಹೇಳಿದರೆ ಹನ್ನೊಂದು ವರ್ಷದ ಮರ್ಯಾದೆ ಮಣ್ಣುಪಾಲು. ಹೇಳದಿದ್ದರೆ ಆ ಮದ್ದು ಇಲ್ಲಿಗೇ ಮುಗಿಯಿತು. ನೇರ ಮೇಡಂ ಕೋಣೆಗೆ ಹೋದಳು.

"ತಪ್ಪು ನಂದೇ ಮೇಡಂ. ಮುಚ್ಚಳ ಅದಲುಬದಲಾಗಿರಬೇಕು."

ಮೇಡಂ ಕನ್ನಡಕ ತೆಗೆದು ಕೆಳಗಿಟ್ಟರು. "ಊರಿಗೆಲ್ಲ ಬುದ್ಧಿ ಹೇಳೋಳು ನೀನು! ಹೋಗು, ಮತ್ತೆ ಮಾಡು. ಮೂರು ಜೊತೆ ಮಾಡು."

ಮೂರು ಜೊತೆಯಲ್ಲೂ ಪ್ರೋಟೀನಿನ ತಟ್ಟೆಯ ಗೆರೆಯೇ ಮುಚ್ಚಿತ್ತು. ಅವಳು ಒಂದೊಂದರ ತಳವನ್ನೂ ಎರಡೆರಡು ಸಲ ಓದಿದಳು. ಖುಷಿಗೆ ಕಣ್ಣು ತುಂಬಿ ಬಂತು. ಅಕ್ಕನಿಗೆ ಫೋನು ಮಾಡಿದಳು.

"ಗಾಯ ಮುಚ್ಚಿತು ಕಣಕ್ಕಾ!"

"ಯಾರದೇ?"

"ತಟ್ಟೇದು." ಮುಚ್ಚಳದ ಕತೆಯನ್ನೂ ಬಿಡದೆ ಹೇಳಿದಳು.

ಅಕ್ಕ ಬಿದ್ದು ಬಿದ್ದು ನಕ್ಕಳು. "ಮುಂದಿನ ಸರದಿ ನಂದು ಅಂತ ನಿಮ್ಮ ಮೇಡಂಗೆ ಹೇಳಿಡು. ಆದ್ರೆ ನನ್ನ ಹೆಸರನ್ನ ಅಂಗಾಲಿಗೇ ಬರಿ ಮಾರಾಯ್ತಿ, ಚಪ್ಪಲಿಗೆ ಬರೀಬೇಡ."