ಮಣಿಕಟ್ಟಿನಲ್ಲೇ ನಿಂತ ನರ

ವಾಡಿ ಪಟ್ಟಣದ ಕ್ಲಿನಿಕ್ಕೊಂದರ ಗೋಡೆಯ ಮೇಲೆ ತಾನು ತೆಗೆದ ಫೋಟೋ ಕಂಡು ಭಾಗ್ಯಜ್ಯೋತಿಗೆ ಮೈಯೆಲ್ಲ ಉರಿಯಿತು. ಅವಳು ಕೆಲಸ ಮಾಡುವ ಹೈದರಾಬಾದಿನ ಲ್ಯಾಬಿನಲ್ಲಿ ಕೋಳಿಮೊಟ್ಟೆಯ ಭ್ರೂಣದಿಂದ ತೆಗೆದ ನರಕೋಶ. ಬೆಳವಣಿಗೆಯ ಪ್ರೋಟೀನು ಹಾಕಿದಾಗ ಸುತ್ತಲೂ ಎಳೆಗಳು ಚಾಚಿದ್ದವು. ಕೆಳಗೆ ದಪ್ಪಕ್ಷರದಲ್ಲಿ, 'ಕಡಿದ ನರ ತಿಂಗಳಲ್ಲಿ ಬೆಳೆಯುತ್ತದೆ' ಎಂದಿತ್ತು.

ಅವಳ ಅಣ್ಣ ರತ್ನದೀಪ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವಾಗ ಬ್ಲೇಡು ತಗುಲಿ ಮಣಿಕಟ್ಟಿನ ನರ ಕಡಿದುಕೊಂಡಿದ್ದ. ಕಲಬುರಗಿಯಲ್ಲಿ ಅದನ್ನು ಹೊಲಿದ ಸರ್ಜನ್, ನರ ಬೆಳೆಯುವುದು ದಿನಕ್ಕೊಂದು ಮಿಲಿಮೀಟರು, ಆರು ತಿಂಗಳಾದರೂ ಕಾಯಬೇಕು ಎಂದಿದ್ದರು. ಅಷ್ಟು ತಾಳದೆ ಅವನು ಇಲ್ಲಿ ಮಣಿಕಟ್ಟಿಗೆ ಅದೇ ಪ್ರೋಟೀನಿನ ಆರು ಇಂಜೆಕ್ಷನ್ ಹಾಕಿಸಿಕೊಂಡಿದ್ದ. ಈಗ ಮಣಿಕಟ್ಟಿನಲ್ಲಿ ಗಂಟು. ಮುಟ್ಟಿದರೆ ಜೀವ ಹೋಗುವ ನೋವು. ಬೆರಳುಗಳಿಗೆ ಮಾತ್ರ ಬಿಸಿ ಚಹಾದ ಲೋಟವೂ ತಿಳಿಯುತ್ತಿರಲಿಲ್ಲ.

ಎದುರು ಕುಳಿತ ಅಣ್ಣ-ತಂಗಿಗೆ, ಇನ್ನೂ ನಾಲ್ಕು ಇಂಜೆಕ್ಷನ್ ಬೇಕೆಂದ ಕ್ಲಿನಿಕ್ಕಿನ ಡಾಕ್ಟರ್.

"ಆ ಫೋಟೋ ತೆಗೆದದ್ದು ನಾನ್ರಿ," ಎಂದಳು ಭಾಗ್ಯಜ್ಯೋತಿ. "ನಮ್ಮ ಸಂಶೋಧನಾ ಲೇಖನದಾಗ ಅದರ ಮಗ್ಗಲದಾಗ ಇನ್ನೊಂದು ಫೋಟೋ ಇತ್ತಲ್ರಿ. ಅದನ್ಯಾಕ ಹಾಕಿಲ್ಲ?"

ಆ ಎರಡನೆಯದರಲ್ಲಿ ಪ್ರೋಟೀನನ್ನು ಒಂದೇ ಕಡೆ ಗುಡ್ಡೆ ಹಾಕಿದ್ದರು. ಎಳೆಗಳು ಅಲ್ಲಿಯವರೆಗೆ ಬಂದು, ಮುಂದೆ ಕರೆಯುವ ಸಂಕೇತವಿಲ್ಲದೆ, ಅಲ್ಲೇ ಸುತ್ತಿ ಸುತ್ತಿ ಉಂಡೆಯಾಗಿದ್ದವು.

ಅದೆಲ್ಲ ಪೇಷಂಟಿಗೆ ತಿಳಿಯುವಂಥದ್ದಲ್ಲ ಎಂದು ಡಾಕ್ಟರ್ ನಕ್ಕ. ಅವಳು ಬೇಕೆಂದೇ ಅಣ್ಣನ ಕಡೆ ತಿರುಗಿ, ಅವನ ಕೈ ಹಿಡಿದು, ಎಲ್ಲವನ್ನೂ ಬಿಡಿಸಿ ಹೇಳಿದಳು.

"ಅಂದ್ರ ನರ ಇಲ್ಲೇ ಮನಿ ಮಾಡ್ಕೊಂಡು ಕುಂತದ," ಎಂದ ರತ್ನದೀಪ. ಫೋಟೋದ ಮೂಲೆಗೆ ಬೆರಳು ತೋರಿಸಿದ. ಅಲ್ಲಿ ಸಣ್ಣಕ್ಷರದಲ್ಲಿ ಅವಳ ಹೆಸರಿತ್ತು. "ಇದನ್ನ ಓದೇ ನಾ ಸೂಜಿಗೆ ಕೈ ಕೊಟ್ಟೆ, ಭಾಗ್ಯಾ. ಅವ್ವನಿಗೂ ಹೇಳಲಿಲ್ಲ. ನನ್ನ ತಂಗಿ ಕಂಡುಹಿಡಿದ ಔಷಧ ಅಂದ್ಕೊಂಡೆ."

ಅವಳು ಎದ್ದು, ಗೋಡೆಯಿಂದ ಆ ಬೋರ್ಡನ್ನು ಕಿತ್ತು ನೆಲಕ್ಕೆ ಹಾಕಿದಳು. ಡಾಕ್ಟರ್ ಪೊಲೀಸರನ್ನು ಕರೆಯುತ್ತೇನೆಂದ. ಕರೆಯಿರೆಂದು ಅಲ್ಲೇ ಕುಳಿತಳು. ಅವನು ಕರೆಯಲಿಲ್ಲ.

ಮರುದಿನ ಚಿತ್ತಾಪುರದ ತಾಲ್ಲೂಕು ಆರೋಗ್ಯಾಧಿಕಾರಿಗೆ ದೂರು ಬರೆದುಕೊಟ್ಟಳು. ಎರಡು ವಾರಕ್ಕೆ ಕ್ಲಿನಿಕ್ಕಿಗೆ ಬೀಗ ಬಿತ್ತು. ತಿಂಗಳೊಪ್ಪತ್ತಿನಲ್ಲಿ ಅದೇ ಮನುಷ್ಯ ಚಿಂಚೋಳಿಯಲ್ಲಿ ಬಾಗಿಲು ತೆರೆದ. ಅವಳು ಅಲ್ಲಿಗೂ ದೂರು ಕಳಿಸಿದಳು.

ಕಲಬುರಗಿಯ ಸರ್ಜನ್ ಗಂಟನ್ನು ಕೊಯ್ದು ತೆಗೆದು, ಕಾಲಿನಿಂದ ನರದ ತುಂಡು ತಂದು ಹೊಸದಾಗಿ ಜೋಡಿಸಿದರು. ಮೊದಲ ಮಿಲಿಮೀಟರಿನಿಂದ ಮತ್ತೆ ಶುರು. ರಜೆ ಮುಂದುವರಿಸಿ ಭಾಗ್ಯಜ್ಯೋತಿ ದಿನವೂ ಅಣ್ಣನ ಬೆರಳುಗಳನ್ನು ಒಂದೊಂದಾಗಿ ಮಡಚಿಸುತ್ತಾಳೆ. ಅವನು ಇನ್ನೂ ಅವಳ ಮುಖ ನೋಡದೆ, ಗೋಡೆಯ ಕಡೆ ತಿರುಗಿ ಕೈ ಚಾಚುತ್ತಾನೆ.