ಟೊಕ್ಮೊಕಿಗೆ ಎಷ್ಟು ಅಂಕಿ

ಮೊದಲು ಎಂಟು ತಿರುಗಿಸಬೇಕು. ತಿರುಗಿಸಿ, ಕಿವಿಯಲ್ಲಿ ಉದ್ದನೆಯ ಸದ್ದೊಂದು ಕೇಳಿಸುವ ತನಕ ಕಾಯಬೇಕು. ಸದ್ದು ಬಂದ ಮೇಲೆ ಹತ್ತು, ಹತ್ತರ ಬೆನ್ನಿಗೆ ಒಂಬತ್ತು ಒಂಬತ್ತು ಆರು, ಆಮೇಲೆ ಊರಿನ ಸಂಖ್ಯೆ, ಕೊನೆಗೆ ಮನೆಯ ಸಂಖ್ಯೆ. ಅಂಚೆ ಕಚೇರಿಯ ಎರಡನೆಯ ಫೋನ್ ಗೂಡಿನಲ್ಲಿ ನಿಂತು ಕುಲ್ಯಾಶ್ ಒಂಬತ್ತು ಗಂಟೆಯಿಂದ ಆರು ಸಲ ಪ್ರಯತ್ನಿಸಿದ್ದಳು. ಆರು ಸಲವೂ ರಿಸೀವರಿನೊಳಗಿನ ಹೆಂಗಸು ಅದೇ ಬೆಣ್ಣೆಯಂಥ ರಷ್ಯನ್ ದನಿಯಲ್ಲಿ, ನೀವು ತಿರುಗಿಸಿದ ಸಂಖ್ಯೆ ಸರಿಯಿಲ್ಲ ಎಂದಿದ್ದಳು. ಸರಿಯಾದದ್ದು ಯಾವುದು ಎಂದು ಮಾತ್ರ ಆ ಮಹಾತಾಯಿ ಬಾಯಿ ಬಿಡಲೊಲ್ಲಳು.

ಮಧ್ಯಾಹ್ನ ಎರಡಕ್ಕೆ ಬೀಗರು ಬರುವವರಿದ್ದರು. ಹುಡುಗನ ತಾಯಿ ಬಂದು ಕುಲ್ಯಾಶಳ ಮಗಳು ಜಾದಿರಾಳ ಕಿವಿಗೆ ಓಲೆ ಹಾಕಿದಳೆಂದರೆ ಮುಗಿಯಿತು, ಹುಡುಗಿ ಅವರ ಮನೆಯವಳು. ಹಾಕಿದ ಓಲೆ ಬಿಚ್ಚುವುದೆಂದರೆ ಎರಡೂ ಮನೆಯ ಮಾನ ಬೀದಿಗೆ ಬಂದಂತೆ. ಓಲೆ ಹಾಕುವ ಮುಂಚೆ ಕುಲ್ಯಾಶಳಿಗೆ ಒಂದೇ ಒಂದು ಹೆಸರಿನ ಗುಟ್ಟು ತಿಳಿಯಬೇಕಿತ್ತು.

ಹಿಂದಿನ ಸಂಜೆ ಸಂಬಂಧ ಕುದುರಿಸಿದ ಮನುಷ್ಯ ಹುಡುಗನ ಏಳು ತಲೆಮಾರಿನ ವಿವರ ಬರೆದ ಚೀಟಿ ತಂದುಕೊಟ್ಟಿದ್ದ. ಹುಡುಗನದೂ ದುಲಾತ್ ಕುಲ, ಜಾದಿರಾಳದೂ ದುಲಾತ್ ಕುಲ. ಅದಕ್ಕೇನೂ ಅಡ್ಡಿಯಿಲ್ಲ, ಆದರೆ ಏಳು ತಲೆಮಾರಿನೊಳಗೆ ಎರಡೂ ಕಡೆ ಒಬ್ಬನೇ ಹಿರಿಯ ಸಿಕ್ಕಿದರೆ ಹುಡುಗ ಹುಡುಗಿ ಅಣ್ಣ ತಂಗಿ, ಅಲ್ಲಿಗೆ ಮದುವೆ ಮಾತು ಮುಗಿಯಿತು. ಚೀಟಿಯಲ್ಲಿ ಆರನೆಯ ಹೆಸರು ಬೈಬೊಸಿನ್. ಅದನ್ನು ಓದಿದ ಕುಲ್ಯಾಶ್ ಚೀಟಿಯನ್ನು ದೀಪದ ಹತ್ತಿರ ಹಿಡಿದು ಮತ್ತೆ ಓದಿದಳು. ತೀರಿಹೋದ ಅವಳ ಗಂಡ ಬೆಕೆನ್ ಹಬ್ಬದ ಊಟಕ್ಕೆ ಕೂತಾಗಲೆಲ್ಲ ತೊಡೆ ತಟ್ಟಿ ಹೇಳುತ್ತಿದ್ದದ್ದು ಅದೇ, ನಾವು ಬೈಬೊಸಿನ್ನನ ಮಕ್ಕಳು ಎಂದು. ಅವಳಿಗೆ ಬೆಕೆನ್ನನ ಕಡೆಯ ಐದು ಹೆಸರು ಬಾಯಿಗೆ ಬರುತ್ತಿದ್ದವು, ಆರನೆಯದು ಬರುತ್ತಿರಲಿಲ್ಲ. ಇದು ಅದೇ ಬೈಬೊಸಿನ್ನೋ, ಆ ಹೆಸರಿನ ಬೇರೆ ಯಾವನೋ? ಹೇಳಬಲ್ಲವಳು ಜಗತ್ತಿನಲ್ಲಿ ಒಬ್ಬಳೇ ಉಳಿದಿದ್ದಳು, ಬೆಕೆನ್ನನ ಅಕ್ಕ ಉಲ್ಬೊಸಿನ್. ಅವಳು ಈ ಶಾಸ್ತ್ರಕ್ಕೆ ಬರಬೇಕಾದವಳು, ಮೂರು ದಿನದ ಹಿಂದೆ ಮಂಜಿನ ಮೇಲೆ ಜಾರಿ ಮಂಡಿ ಊದಿಸಿಕೊಂಡು ಟೊಕ್ಮೊಕಿನಲ್ಲಿ ಮಲಗಿದ್ದಳು.

ಟೊಕ್ಮೊಕ್ ಏನು ದೂರವೇ? ಊರ ಹಿಂದಿನ ಗುಡ್ಡ ಹತ್ತಿದರೆ ನದಿಯಾಚೆ ಅದರ ಹೊಗೆ ಕಾಣುತ್ತದೆ. ಎರಡೂ ದಡ ಸೋವಿಯತ್ ಒಕ್ಕೂಟದಲ್ಲಿದ್ದಾಗ ಬಸ್ಸು ಹತ್ತಿದರೆ ಮುಕ್ಕಾಲು ಗಂಟೆ. ಈಗ ಸೇತುವೆಯ ಈ ತುದಿಗೊಂದು ಚೌಕಿ, ಆ ತುದಿಗೊಂದು ಚೌಕಿ, ಎರಡು ಸಾಲು, ಎರಡು ಮುದ್ರೆ. ಬೆಳಗ್ಗೆ ಹೋದವರು ಸಂಜೆಯೊಳಗೆ ಬಂದರೆ ಪುಣ್ಯ. ಅದಕ್ಕೇ ಫೋನು. ಫೋನಿಗೂ ಚೌಕಿ ಹಾಕಿದ್ದಾರೆಂದು ಅವಳಿಗೇನು ಗೊತ್ತಿತ್ತು?

ಕೈಯಲ್ಲಿದ್ದದ್ದು ಹಳೆಯ ಕ್ಯಾಲೆಂಡರಿನ ಹಾಳೆ. ಅದರ ಬೆನ್ನಿಗೆ ಬೆಕೆನ್ನನ ಕೈಬರಹ: ಎಂಟು, ಒಂದು ಗೀಟು, ಮೂರು ಮೂರು ಒಂದು ಮೂರು ಎಂಟು, ಇನ್ನೊಂದು ಗೀಟು, ಆಮೇಲೆ ಐದು ಅಂಕಿ. ಮೊದಲೆರಡು ಸಲ ಅವಳು ಅದನ್ನೇ ಇದ್ದ ಹಾಗೆ ತಿರುಗಿಸಿದ್ದಳು. ಗೂಡುಗಳ ಉಸ್ತುವಾರಿ ನೋಡುವ ವೆರಾ ಪೆತ್ರೋವ್ನಾ ಗಾಜಿನ ಹಿಂದಿನಿಂದಲೇ ತಲೆಯಾಡಿಸಿ, ಈಗ ಅದು ಬೇರೆ ದೇಶ, ನಡುವೆ ಹತ್ತು ಸೇರಿಸಬೇಕು, ಒಂಬೈನೂರ ತೊಂಬತ್ತಾರು ಸೇರಿಸಬೇಕು ಎಂದು ಹೇಳಿಕೊಟ್ಟಳು. ಸೇರಿಸಿದರೂ ಬೆಣ್ಣೆ ದನಿಯ ಹೆಂಗಸು ಜಗ್ಗಲಿಲ್ಲ. ಏಳನೆಯ ಸಲ ಅವಸರದಲ್ಲಿ ಎಂಟರ ನಂತರದ ಸದ್ದಿಗೆ ಕಾಯದೆ ಮುಂದುವರಿದಳು, ಅತ್ತ ಕಡೆ ಎತ್ತಿದವನೊಬ್ಬ ಬೇಕರಿಯವನು. ಅದೂ ಇದೇ ಊರಿನ ಬೇಕರಿ, ರಸ್ತೆಯಾಚೆ. ಕುಲ್ಯಾಶಳಿಗೆ ಮೈಯೆಲ್ಲ ಉರಿದುಹೋಯಿತು.

“ವೆರಾ ಪೆತ್ರೋವ್ನಾ, ನೀವು ಕೊಟ್ಟ ನಂಬರ್ ಸರಿನಾ ಅಂತ ಒಂದ್ಸಲ ನೋಡ್ತೀರಾ?”

“ನಾನು ಕೊಟ್ಟಿದ್ದು ದೇಶದ್ದು. ಊರಿಂದು ನೀವೇ ತಂದಿದ್ದು. ದೇಶದ್ದು ಸರಿಯಾಗೇ ಇದೆ.”

“ಹಂಗಾದ್ರೆ ನನ್ನ ಗಂಡ ತಪ್ಪು ಬರೆದಿದ್ನಾ?”

“ನಿಮ್ಮ ಗಂಡನ ಕಾಲಕ್ಕೆ ಸರಿಯಾಗಿತ್ತು ಕಣ್ರೀ. ಗೋಡೆ ಮೇಲೂ ಅದೇ ಇದೆ. ಹೊಸ ಪಟ್ಟಿ ಕಳಿಸ್ತೀವಿ ಅಂತ ಒಂದು ವರ್ಷದಿಂದ ಹೇಳ್ತಾನೇ ಇದಾರೆ.”

ಗೋಡೆಯ ಮೇಲಿನ ಪಟ್ಟಿ ಒಕ್ಕೂಟದ ಕಾಲದ್ದು. ಅದರಲ್ಲಿ ನದಿಯಾಚೆಯ ರಾಜಧಾನಿ ಬಿಷ್ಕೆಕ್ ಇನ್ನೂ ಹಳೆಯ ಹೆಸರಿನ ಫ್ರೂಂಜೆಯೇ ಆಗಿತ್ತು. ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಸರದಿಯಲ್ಲಿದ್ದ ಇಬ್ಬರು ಗೊಣಗತೊಡಗಿದರು. ಮನೆಯಲ್ಲಿ ಮಾಂಸ ಒಲೆಯ ಮೇಲಿತ್ತು, ಹಿಟ್ಟು ಇನ್ನೂ ಲಟ್ಟಿಸಿರಲಿಲ್ಲ. ನೀರಿಲ್ಲದ ಬಾವಿಗೆ ಕೊಡ ಇಳಿಸುತ್ತ ಕೂತಂತಾಯಿತಲ್ಲ ನನ್ನ ಬಾಳು ಎಂದುಕೊಂಡು ಕುಲ್ಯಾಶ್ ಬೆಂಚಿನ ಮೇಲೆ ಕುಸಿದಳು, ಚೀಲವನ್ನು ತೊಡೆಯ ಮೇಲೆ ಕುಕ್ಕಿದಳು. ಚೀಲದೊಳಗೆ ಬೀಗರಿಗೆಂದು ಬರುವ ದಾರಿಯಲ್ಲಿ ಕೊಂಡ ಮಿಠಾಯಿ ಪೆಟ್ಟಿಗೆ ಇತ್ತು.

ಪೆಟ್ಟಿಗೆ ನದಿಯಾಚೆಯದು. ಅಡ್ಡ ಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಬಿಷ್ಕೆಕ್ ಎಂದಿತ್ತು, ಮುಂದೆ ಒಂಬತ್ತು ಒಂಬತ್ತು ಆರು, ಅದರ ಮುಂದೆ ಮೂರು ಒಂದು ಎರಡು. ಅವಳು ಅದನ್ನು ಓದಿದಳು, ಗೋಡೆ ನೋಡಿದಳು, ಮತ್ತೆ ಪೆಟ್ಟಿಗೆ ನೋಡಿದಳು. ಗೋಡೆಯ ಫ್ರೂಂಜೆಗೆ ಮೂರು ಮೂರು ಒಂದು ಎರಡು. ಪೆಟ್ಟಿಗೆಯಲ್ಲಿ ಮೊದಲಿನ ಮೂರು ಕಾಣೆಯಾಗಿತ್ತು. ದೇಶ ಬೇರೆಯಾದಾಗ ಹೊಸ ಅಂಕಿಗಳನ್ನು ಅಂಟಿಸಿಕೊಂಡವರು ಹಳೆಯದೊಂದನ್ನು ಕಿತ್ತೂ ಹಾಕಿದ್ದರು. ಸೇರಿಸಿ ಎನ್ನುವುದಕ್ಕೆ ಎಲ್ಲರೂ ಇದ್ದರು, ಬಿಡಿ ಎಂದು ಹೇಳುವವರು ಒಬ್ಬರೂ ಇರಲಿಲ್ಲ. ಅವಳು ವೆರಾಳ ಪೆನ್ನು ತೆಗೆದುಕೊಂಡು ಬೆಕೆನ್ನನ ಕೈಬರಹದ ಮೊದಲನೆಯ ಮೂರರ ಮೇಲೆ ಒಂದು ಗೆರೆ ಎಳೆದಳು. ಎಳೆಯುವಾಗ ಸಂಕಟವಾಯಿತು. ಅವನು ಬಿಟ್ಟುಹೋದ ಬರಹ ಹೆಚ್ಚೇನೂ ಇರಲಿಲ್ಲ.

ಎಂಟು. ಸದ್ದು. ಹತ್ತು. ಉಳಿದದ್ದೆಲ್ಲ. ಅತ್ತ ಕಡೆ ಗಂಟೆ ಬಾರಿಸಿತು.

ಉಲ್ಬೊಸಿನ್ ಇದ್ದದ್ದು ಮೂರನೆಯ ಮಹಡಿಯಲ್ಲಿ, ಫೋನ್ ಇದ್ದದ್ದು ಕೆಳಗಿನ ಮನೆಯ ನಡುಹಜಾರದಲ್ಲಿ. ಅಲ್ಲಿ ಯಾವಾಗಲೂ ನಾಲ್ಕು ಹೆಂಗಸರು ಚಹಾ ಕುಡಿಯುತ್ತ ಕೂತಿರುತ್ತಿದ್ದರು. ಆ ಮನೆಯಾಕೆ ಮೇಲೆ ಹೋಗಿ ಕರೆದು, ಉಲ್ಬೊಸಿನ್ ಊದಿದ ಮಂಡಿಯನ್ನು ಎಳೆದುಕೊಂಡು ಇಳಿದು ಬರುವುದರೊಳಗೆ ಕುಲ್ಯಾಶಳ ಅರ್ಧ ಆಯಸ್ಸು ಮುಗಿಯಿತು. ತಂತಿಯ ಮೇಲೆ ಮರಳು ಸುರಿದಂತೆ ಗರಗರ ಸದ್ದು. ಕುಲ್ಯಾಶ್ ಕುಶಲ ಕೇಳುವ ಗೊಡವೆಗೇ ಹೋಗದೆ ಬೈಬೊಸಿನ್ನನ ಮಾತೆತ್ತಿದಳು. ಹುಡುಗನ ಚೀಟಿಯಲ್ಲಿದ್ದ ಬೈಬೊಸಿನ್ನನ ಅಣ್ಣತಮ್ಮಂದಿರ ಹೆಸರು, ಅವರು ಬೀಡುಬಿಡುತ್ತಿದ್ದ ಹುಲ್ಲುಗಾವಲಿನ ಹೆಸರು ಎಲ್ಲ ಓದಿ ಹೇಳಿದಳು.

“ಅವನೇ ಕಣೇ,” ಎಂದಳು ಉಲ್ಬೊಸಿನ್. “ನಮ್ಮ ಬೈಬೊಸಿನ್ನೇ.”

ಕುಲ್ಯಾಶ್ ಗೂಡಿನ ಗೋಡೆಗೆ ಒರಗಿದಳು. ಅಷ್ಟರಲ್ಲಿ ಉಲ್ಬೊಸಿನ್ ದನಿ ತಗ್ಗಿಸಿ ಇನ್ನೇನೋ ಹೇಳಿದಳು. ಗರಗರ ಬಿಟ್ಟು ಬೇರೇನೂ ಕೇಳಲಿಲ್ಲ. ಜೋರಾಗಿ ಹೇಳಿ ಎಂದು ಕುಲ್ಯಾಶ್ ಕೂಗಿದಳು. ಮತ್ತೆ ಅದೇ ಪಿಸುಮಾತು, ಅದೇ ಮರಳು.

“ಆಪಾ, ಅಕ್ಕಾ, ಕೇಳಿಸ್ತಿಲ್ಲ. ಜೋರಾಗಿ.”

“ಜೋರಾಗಿ ಹೇಳೋ ಮಾತಲ್ಲ ಕಣೇ ಅದು. ಇಲ್ಲಿ ಜನ ಕೂತಿದಾರೆ.”

“ಎರಡು ಗಂಟೆಗೆ ಬರ್ತಾರೆ, ಆಪಾ. ಅವರಿಗೆ ನಾನೇನು ಹೇಳ್ಲಿ? ಲೈನು ಗರಗರ ಅಂತು ಅನ್ಲಾ? ಬೆಳಗ್ಗೆಯಿಂದ ಸತ್ತು ಸುಣ್ಣ ಆಗಿದೀನಿ ಇಲ್ಲಿ. ನನ್ನ ಮಗಳ ಬದುಕು ಇದು.”

ಮುದುಕಿ ಇದ್ದಷ್ಟೂ ಉಸಿರು ಕೂಡಿಸಿ ಕೂಗಿದಳು.

“ನಮ್ಮಪ್ಪ ತುರ್ಸಿನ್ ಬೈಬೊಸಿನ್ನನ ವಂಶದಲ್ಲಿ ಹುಟ್ಟಿದವನಲ್ಲ ಕಣೇ. ಹಸಿವಿನ ವರ್ಷ ದಾರೀಲಿ ಬಿದ್ದಿದ್ನಂತೆ, ನಾಲ್ಕು ವರ್ಷದ ಕೂಸು. ನಮ್ಮಜ್ಜ ಒಸ್ಪಾನ್ ಎತ್ಕೊಂಡು ಬಂದು ಮಗ ಅಂದ. ಯಾರ ಮಗನೋ, ಯಾವ ಕುಲವೋ ದೇವರಿಗೇ ಗೊತ್ತು. ಈಗ ಕೇಳಿಸ್ತಾ?”

ಕೇಳಿಸಿತ್ತು. ಗರಗರದ ಹಿಂದೆ ಇನ್ನೊಂದೂ ಕೇಳಿಸಿತು: ಆ ಹಜಾರದಲ್ಲಿ ಚಹಾದ ಬಟ್ಟಲುಗಳ ಸದ್ದು ನಿಂತುಹೋಗಿತ್ತು. ಬಂದವರಿಗೆ ಕೂರಲು ಹೇಳುವ ಮುಂಚೆಯೇ ನಿನ್ನ ಏಳು ಅಜ್ಜಂದಿರು ಯಾರು ಎಂದು ಕೇಳುತ್ತಿದ್ದವಳು ಉಲ್ಬೊಸಿನ್. ಬೈಬೊಸಿನ್ನನ ವಂಶದವಳೆಂದು ತಲೆಯೆತ್ತಿ ನಡೆದು ಆ ಕಟ್ಟಡದವರ ಬಾಯಿ ಮುಚ್ಚಿಸಿದ್ದವಳು. ಕುಲ್ಯಾಶಳಿಗೆ ನಾಚಿಕೆಯಾಯಿತು, ಏನಾದರೂ ಹೇಳಬೇಕೆನಿಸಿತು. ರಕ್ತಸಂಬಂಧವಿಲ್ಲ, ಮದುವೆ ಮಾಡು ಎಂದು ಮುದುಕಿ ಹೇಳಿದ್ದಷ್ಟೇ, ಸಂಪರ್ಕ ಕಡಿಯಿತು.

ಎರಡಕ್ಕೆ ಸರಿಯಾಗಿ ಬೀಗರು ಬಂದರು. ಬೇಯಿಸಿದ ಮಾಂಸದ ತಟ್ಟೆ ನಡುವೆ ಬಂತು, ಕುರಿಯ ತಲೆ ಹುಡುಗನ ಅಜ್ಜ ಸದ್ವಕಾಸರ ಮುಂದೆ ಹೋಯಿತು. ಎಪ್ಪತ್ತೇಳರ ಆ ಮುದುಕರು ಚೂರಿ ಕೆಳಗಿಟ್ಟು, ಇನ್ನು ಹುಡುಗಿಯ ಕಡೆಯ ಹೆಸರುಗಳು ಎಂದರು. ಕುಲ್ಯಾಶ್ ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದಳು. ಎರವಲು ತಂದ ಹೆಸರು ಹೇಳಿದರೆ ಬೈಬೊಸಿನ್ ಬಂದು ಮದುವೆ ಮುರಿಯುತ್ತದೆ. ನಿಜ ಹೇಳಿದರೆ ಮಗಳು ಕುಲ ತಿಳಿಯದವಳಾಗುತ್ತಾಳೆ. ಅತ್ತ ದರಿ, ಇತ್ತ ಪುಲಿ.

“ಬೆಕೆನ್,” ಎಂದಳು. “ಅವರಪ್ಪ ತುರ್ಸಿನ್. ಅಲ್ಲಿಂದಾಚೆ ನನಗೆ ಗೊತ್ತಿಲ್ಲ ಅಜ್ಜಾ, ಯಾರಿಗೂ ಗೊತ್ತಿಲ್ಲ. ಹಸಿವಿನ ವರ್ಷ ದಾರೀಲಿ ಸಿಕ್ಕಿದ ಮಗು ಅದು.”

ಹುಡುಗನ ತಾಯಿ ಆಗಲೇ ಓಲೆ ಕೈಗೆತ್ತಿಕೊಂಡಿದ್ದಳು. ಮುದುಕರು ಮಗುವಿಗೆ ಆಗ ಎಷ್ಟು ವಯಸ್ಸೆಂದು ಕೇಳಿದರು. ನಾಲ್ಕು ಎಂದಳು ಕುಲ್ಯಾಶ್.

“ನಾವೂ ಒಬ್ಬನ್ನ ಬಿಟ್ಟು ಬಂದ್ವಿ,” ಎಂದರು ಸದ್ವಕಾಸ್. “ನನ್ನ ತಮ್ಮ. ಮೂರೋ ನಾಲ್ಕೋ. ನನಗೆ ಹತ್ತು. ಅವ್ವ ಇಬ್ಬರನ್ನ ಹೊರೋಕೆ ಆಗ್ಲಿಲ್ಲ.”

ಓಲೆ ಹಿಡಿದ ಕೈ ಅಲ್ಲೇ ನಿಂತಿತು. ಜಾದಿರಾ ತಾಯಿಯ ಮುಖ ನೋಡಿದಳು. ಕುಲ್ಯಾಶಳಿಗೆ ಒಮ್ಮೆಗೇ ಅಳುವೂ ಸಿಟ್ಟೂ ನುಗ್ಗಿಬಂದವು. ಬೆಳಗ್ಗೆ ಕೇಳಲು ಒಬ್ಬಳಾದರೂ ಇದ್ದಳು, ತಪ್ಪಾದರೂ ಒಂದು ಸಂಖ್ಯೆ ಇತ್ತು. ಆ ತಮ್ಮನೇ ತುರ್ಸಿನ್ನೋ ಅಲ್ಲವೋ, ಇದನ್ನು ಯಾರಿಗೆ ಹಚ್ಚಿ ಕೇಳುವುದು?

ಮುದುಕರು ಕೆಳಗಿಟ್ಟ ಚೂರಿಯನ್ನು ಮತ್ತೆ ಕೈಗೆತ್ತಿಕೊಂಡರು.

“ಆ ವರ್ಷ ಮಗು ಬಿಡದೇ ಇದ್ದ ಮನೆ ಯಾವುದಿದೆ?” ಎಂದರು. “ಅದನ್ನ ಹುಡುಕ್ತಾ ಕೂತ್ರೆ ಈ ನಾಡಲ್ಲಿ ಯಾರಿಗೂ ಮದುವೆ ಇಲ್ಲ. ಹಾಕಮ್ಮ, ಓಲೆ ಹಾಕು.”

ಅಂಚೆ ಕಚೇರಿ ಐದಕ್ಕೆ ಮುಚ್ಚುತ್ತದೆ. ಐದಕ್ಕೆ ಹತ್ತು ನಿಮಿಷ ಇರುವಾಗ ಕುಲ್ಯಾಶ್ ಹಾಡಿನ ನಡುವೆ ಎದ್ದು, ಕೈಯ ಹಿಟ್ಟನ್ನೂ ತೊಳೆಯದೆ ಓಡಿದಳು. ಎಂಟು ತಿರುಗಿಸಿ ಸದ್ದಿಗೆ ಕಾದಳು. ಈ ಸಲ ಒಂದೇ ಏಟಿಗೆ ಸಿಕ್ಕಿತು. ಎತ್ತಿದ್ದು ಕೆಳಮನೆಯಾಕೆ. ಉಲ್ಬೊಸಿನ್ ಆಗಲೇ ಮೇಲೆ ಹೋಗಿ ಬಾಗಿಲು ಹಾಕಿಕೊಂಡವಳು ಇನ್ನೂ ಇಳಿದಿಲ್ಲ, ಕರೆದರೂ ಓಗೊಡುತ್ತಿಲ್ಲ ಎಂದಳು. ಹಿಂದೆ ಹೆಂಗಸರ ಮಾತು, ಬಟ್ಟಲುಗಳ ಸದ್ದು ಕೇಳುತ್ತಿತ್ತು.

“ಮೆಟ್ಟಿಲ ಹತ್ರ ನಿಂತ್ಕೊಂಡು ಕೂಗಿ,” ಎಂದಳು ಕುಲ್ಯಾಶ್. “ತುರ್ಸಿನ್‌ನ ಮೊಮ್ಮಗಳಿಗೆ ಓಲೆ ಹಾಕಿದ್ರು ಅಂತ. ಅಲ್ಲಿ ಕೂತಿರೋರಿಗೆಲ್ಲ ಕೇಳಬೇಕು, ಜೋರಾಗಿ.”