ಎಡಗಡೆ ಸೀಟಿನ ಕ್ಲೀನರ್

ಗೋಪಾಲಕೃಷ್ಣ ಅವರಿಗೆ ಕಾರು ಓಡಿಸಲು ಬರುವುದಿಲ್ಲ. ಹೀಗಾಗಿ ಹೊಸ ಕಾರು ಆರಿಸುವಾಗ ಅವರಿಗೆ ಯಾವ ಕಷ್ಟವೂ ಆಗಲಿಲ್ಲ. ಮಗಳು ಯಾಮಿನಿ ದೊಡ್ಡನೆಕ್ಕುಂದಿಯಿಂದ ಒಂದಾದ ಮೇಲೊಂದು ವಿಡಿಯೊ ಕಳಿಸಿದಳು, ಅಪ್ಪ ಕಾಫಿ ಕುಡಿಯುತ್ತ ಎಲ್ಲವನ್ನೂ ನೋಡಿದರು, ಕೊನೆಗೆ ಇಬ್ಬರೂ ಸೇರಿ ಬಣ್ಣದವರೆಗೆ ತೀರ್ಮಾನ ಮಾಡಿದರು. ಆ ಕಾರನ್ನು ಓಡಿಸಬೇಕಾದವರು ಸೀತಾ. ಸರ್‌ಪ್ರೈಸ್ ಇರಲಿ ಎಂದು ಅವರೊಬ್ಬರಿಗೆ ಮಾತ್ರ ಹೇಳಲಿಲ್ಲ.

ಸರ್‌ಪ್ರೈಸು ಮಾಕಳಿಯ ಮನೆಯ ಮುಂದೆ ಬಂದು ನಿಂತಾಗ ಷೋರೂಮಿನವರು ಹಳೆಯ ಕಾರನ್ನು ಎಕ್ಸ್‌ಚೇಂಜಿಗೆಂದು ಆಗಲೇ ಒಯ್ದಿದ್ದರು. ಸೀತಾ ಒಳಗೆ ಕೂತು, ರೂಢಿಯಂತೆ ಎಡಗೈ ಚಾಚಿದರು. ಕೈಗೆ ಏನೂ ಸಿಗಲಿಲ್ಲ. ಹಳೆಯದರಲ್ಲಿ ಅಲ್ಲಿ ಎರಡು ನಾಬ್‌ಗಳಿದ್ದವು, ಒಂದು ಗಾಳಿಗೆ, ಒಂದು ಬಿಸಿ-ತಂಪಿಗೆ. ಅವುಗಳ ಮೇಲಿನ ಗುರುತುಗಳು ಅಳಿಸಿಹೋಗಿ ಎಷ್ಟೋ ಕಾಲವಾಗಿತ್ತು, ಯಾರಿಗೂ ಅದರ ಕೊರತೆ ಕಂಡಿರಲಿಲ್ಲ. ಈಗ ಆ ಜಾಗದಲ್ಲಿ ಹಾರ್ಲಿಕ್ಸ್ ಬಣ್ಣದ ಪ್ಲಾಸ್ಟಿಕ್ಕು, ಅದರ ಮೇಲೆ ಊಟದ ತಟ್ಟೆಯಷ್ಟು ಅಗಲದ ಪರದೆ.

ಬಟನ್‌ಗಳೆಲ್ಲ ಎಲ್ಲಿ ಎಂದು ಕೇಳಿದರು. ಎಲ್ಲ ಇದರೊಳಗೇ ಇದೆ ಎಂದರು ಗೋಪಾಲಕೃಷ್ಣ, ತಾವೇ ಮಡಚಿ ಇಟ್ಟವರ ಹಾಗೆ.

ಮರುದಿನ ಗಂಗಮ್ಮನ ಗುಡಿಯ ಮುಂದೆ ಪೂಜೆಯಾಯಿತು. ಅರ್ಚಕರು ಮುಂದಿನ ಗಾಜಿನ ನೆತ್ತಿಗೆ ಅರಿಶಿನ ಮೆತ್ತಿ ಕುಂಕುಮವಿಟ್ಟರು. ಕಾರಿನ ಕ್ಯಾಮೆರಾ ಇದ್ದದ್ದು ಸರಿಯಾಗಿ ಅಲ್ಲೇ. ತನ್ನ ಕಣ್ಣು ಮುಚ್ಚಿಹೋಗಿದೆ ಎಂದು ಕಾರು ಟಿಂಗ್ ಟಿಂಗ್ ಎಂದು ಗೋಳಾಡತೊಡಗಿತು. ಅರ್ಚಕರು ಅದನ್ನು ಹೊಸ ಬಗೆಯ ಗಂಟೆ ಎಂದುಕೊಂಡು ಮಂಗಳಾರತಿಯನ್ನು ಸ್ವಲ್ಪ ಉದ್ದಕ್ಕೇ ಎಳೆದರು. ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸುವಷ್ಟರಲ್ಲಿ ಸೀತಾ ಅವರಿಗೆ ತಲೆನೋವು ಬಂದಿತ್ತು.

ಇಷ್ಟೇ ಆಗಿದ್ದರೆ ಗೊಣಗಿಕೊಂಡು ಕಾಲ ತಳ್ಳಬಹುದಿತ್ತು. ಆದರೆ ಈ ಮನೆಯಲ್ಲಿ ಕಾರು ಇದ್ದದ್ದೇ ಪಕ್ಕದ ಮನೆಯ ವಸಂತಮ್ಮನವರಿಗಾಗಿ ಎನ್ನಬಹುದು. ಅವರ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಯಶವಂತಪುರದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಹೋಗುವಾಗ ಹೇಗೋ ಬಸ್ಸು ಹತ್ತಬಹುದು, ಬರುವಾಗ ಕಾಲು ನಿಲ್ಲುವುದಿಲ್ಲ. ಕರೆದೊಯ್ಯುವುದು, ಕರೆತರುವುದು ಎಲ್ಲ ಸೀತಾ. ಒಮ್ಮೆ ಅವರು ಊರಲ್ಲಿಲ್ಲದಾಗ ವಸಂತಮ್ಮ ಒಂದು ಸರದಿ ತಪ್ಪಿಸಿಕೊಂಡು, ಮೈಯೆಲ್ಲ ಊದಿ, ಉಸಿರು ಕಟ್ಟಿ ಐಸಿಯು ಸೇರಿದ್ದರು. ಅಂದಿನಿಂದ ಸೀತಾ ನೆಂಟರ ಮದುವೆಗೂ ವಾರ ನೋಡಿಯೇ ಹೋಗುತ್ತಿದ್ದರು.

ಆ ಶನಿವಾರ ಪೀಣ್ಯದ ಫ್ಲೈಓವರ್ ಹತ್ತುವ ಹೊತ್ತಿಗೆ ಮಳೆ ಶುರುವಾಯಿತು. ಹೊರಗೆ ತಣ್ಣಗೆ, ಒಳಗೆ ಇಬ್ಬರ ಉಸಿರು. ಗಾಜು ಅಂಚಿನಿಂದ ಬೆಳ್ಳಗಾಗುತ್ತ ಬಂತು. ಹಳೆಯ ಕಾರಿನಲ್ಲಾಗಿದ್ದರೆ ಎಡಗೈ ತಾನಾಗಿಯೇ ಹೋಗಿ ನಾಬ್ ತಿರುಗಿಸುತ್ತಿತ್ತು. ಈಗ ಮೊದಲು ಪರದೆಯ ಮೂಲೆ ಒತ್ತಿ, ಆಮೇಲೆ ಫ್ಯಾನಿನ ಚಿತ್ರ ಒತ್ತಿ, ಅದು ತೆರೆದ ಮೇಲೆ ಗಾಜಿನ ಚಿತ್ರ ಹುಡುಕಬೇಕು. ಚಿತ್ರಗಳೋ ಒಂದನ್ನೊಂದು ಹೋಲುವ ಅಕ್ಕತಂಗಿಯರು. ಬಾಯಲ್ಲಿ ಹೇಳಿದರೂ ಸಾಕು ಎಂದು ಯಾಮಿನಿ ಹೇಳಿಕೊಟ್ಟಿದ್ದಳು. ಸೀತಾ ಹೇಳಿದರು. ಕಾರು ನಯವಾದ ಇಂಗ್ಲಿಷಿನಲ್ಲಿ, ಹತ್ತಿರದಲ್ಲಿ ಆ ಹೆಸರಿನ ಹೋಟೆಲು ಯಾವುದೂ ಇಲ್ಲ ಎಂದಿತು.

ಸೀತಾ ಕಣ್ಣು ಕೆಳಗಿಳಿಸಿ ಬೆರಳಿಟ್ಟರು. ಕಾರು ಕುಲುಕಿದ್ದಕ್ಕೆ ಬೆರಳು ಪಕ್ಕಕ್ಕೆ ಜಾರಿತು, ಹಾಡು ಶುರುವಾಯಿತು. ಅದನ್ನು ನಿಲ್ಲಿಸಹೊರಟಾಗ ಕಾರು ತಾನಾಗಿಯೇ ಬ್ರೇಕು ಹಾಕಿತು. ತಲೆಯೆತ್ತಿದರೆ ಮುಂದೆ ನಿಂತಿದ್ದ ಟ್ಯಾಂಕರಿನ ಹಿಂಭಾಗ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. ಹಿಂದೆ ಬರುತ್ತಿದ್ದ ತರಕಾರಿ ಟೆಂಪೋ ಕಿರ್ರೆಂದು ಅಡ್ಡಡ್ಡ ತಿರುಗಿ ನಿಂತಿತು. ಅದರ ಡ್ರೈವರು ಇಳಿದು ಬಂದು, ಒಳಗಿದ್ದ ಇಬ್ಬರು ಹೆಂಗಸರನ್ನು ನೋಡಿ, ಬಯ್ಯಬೇಕೆಂದಿದ್ದನ್ನು ನುಂಗಿಕೊಂಡ. "ನೋಡ್ಕೊಂಡ್ ಓಡ್ಸಿ ಅಕ್ಕಾ" ಎಂದಷ್ಟೇ ಹೇಳಿ ಹೋದ. ನೋಡುವುದಕ್ಕೇ ತಾನೇ ಸೀತಾ ಅಷ್ಟೆಲ್ಲ ಒದ್ದಾಡಿದ್ದು.

ಸಂಜೆ ಫೋನಿನಲ್ಲಿ ಯಾಮಿನಿಗೆ ಕಥೆಯೆಲ್ಲ ಕೇಳಿ ಹೆಮ್ಮೆಯೇ ಆಯಿತು.

"ನೋಡಿದ್ಯಾಮ್ಮ, ಕಾರೇ ನಿನ್ನ ಉಳಿಸ್ತು."

"ಕಣ್ಣು ಕೆಳಗೆ ಹಾಕ್ಸಿದ್ದೂ ಅದೇ ಕಣೇ."

"ಸ್ವಲ್ಪ ದಿನ ಅಮ್ಮ. ಅಭ್ಯಾಸ ಆಗತ್ತೆ."

ಷೋರೂಮಿನವರೂ ಹಾಗೆಯೇ ಹೇಳಿದ್ದರು, ಗೋಪಾಲಕೃಷ್ಣ ಅವರೂ ಹೇಳಿದರು. ಅಭ್ಯಾಸ ಆಗುವವರೆಗೆ ವಸಂತಮ್ಮನವರ ಕಿಡ್ನಿ ಏನು ಮಾಡಬೇಕು ಎಂದು ಯಾರೂ ಹೇಳಲಿಲ್ಲ. ಅದನ್ನು ಸ್ವತಃ ವಸಂತಮ್ಮನೇ ಬಂದು ಹೇಳಿದರು: ಸೋಮವಾರದಿಂದ ಬಸ್ಸಲ್ಲೇ ಹೋಗುತ್ತೇನೆ, ನನಗೋಸ್ಕರ ನಿಮ್ಮ ಜೀವ ಯಾಕೆ. ಸೀತಾ ಮಾರನೆಯ ದಿನ ಬೆಳಿಗ್ಗೆಯೇ ಗಂಡನನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಷೋರೂಮಿಗೆ ಹೋದರು.

ಅಲ್ಲಿನ ಮ್ಯಾನೇಜರ್ ರುದ್ರೇಶ್ ಮರ್ಯಾದಸ್ಥ. ಕಾಫಿ ತರಿಸಿದರು, ಸುರಕ್ಷತೆಗೆ ಈ ಕಾರಿಗೆ ಸಿಕ್ಕಿರುವ ನಕ್ಷತ್ರಗಳನ್ನು ವಿವರಿಸಿದರು. ಹಳೆಯ ಕಾರು ಆಗಲೇ ತುಮಕೂರಿನವರೊಬ್ಬರ ಪಾಲಾಗಿದೆ ಎಂದು ವಿಷಾದಿಸಿದರು. ಸೀತಾ ಕಾಫಿ ಮುಟ್ಟದೆ ಅವರ ಕೈಗೆ ಕೀ ಕೊಟ್ಟು, ಸರ್ವಿಸ್ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ಎಂದರು. ತಾವು ಪಕ್ಕದಲ್ಲಿ ಕೂತರು, ಗಂಡ ಹಿಂದೆಯೇ ಇದ್ದರು. ವೇಗ ಸ್ವಲ್ಪ ಏರಿದ ಮೇಲೆ ಹೇಳಿದರು.

"ಈಗ ಗಾಜಿನ ಗಾಳಿ ಹಾಕಿ. ರಸ್ತೆಯಿಂದ ಕಣ್ಣು ತೆಗೀಬಾರ್ದು."

ರುದ್ರೇಶ್ ಅವರ ಬೆರಳು ಗಾಳಿಯಲ್ಲಿ ತಡಕಾಡಿ, ಇಳಿದು, ಒತ್ತಿತು. ಅವರ ಸೀಟು ಬಿಸಿಯಾಗತೊಡಗಿತು. ಇನ್ನೊಮ್ಮೆ ಒತ್ತಿದರು. ಕೊಯಮತ್ತೂರಿಗೆ ಹೋಗುವ ದಾರಿ ಮೂಡಿತು.

"ಮೇಡಂ, ಸೈಡಿಗೆ ಹಾಕ್ಲಾ?"

"ಫ್ಲೈಓವರ್ ಮೇಲೆ ಎಲ್ರೀ ಸೈಡಿಗೆ ಹಾಕೋದು?"

ರುದ್ರೇಶ್ ಬೆವರೊರೆಸಿಕೊಂಡರು. ಸೀಟಿನದೂ ಅದರಲ್ಲಿ ಪಾಲಿತ್ತು. "ಸಾಮಾನ್ಯವಾಗಿ ಪಕ್ಕದಲ್ಲಿ ಯಾರಾದ್ರೂ ಇರ್ತಾರಲ್ಲ ಮೇಡಂ. ಅವ್ರು ಹಾಕ್ಕೊಡ್ತಾರೆ."

ಸೀತಾ ನಿಧಾನವಾಗಿ ಹಿಂದೆ ತಿರುಗಿ ಗಂಡನನ್ನು ನೋಡಿದರು. "ಲಾರಿಗೆ ಕ್ಲೀನರ್ ಇರ್ತಾನಲ್ಲ, ಹಾಗೆ" ಎಂದರು.

ಹೀಗೆ ಗೋಪಾಲಕೃಷ್ಣ ಅವರಿಗೆ ನಿವೃತ್ತಿಯ ನಂತರ ಕೆಲಸ ಸಿಕ್ಕಿತು. ವಾಕಿಂಗ್ ಬಳಗ ಬಿಟ್ಟು ಸೋಮವಾರ, ಬುಧವಾರ, ಶನಿವಾರ ಎಡಗಡೆ ಸೀಟಿನಲ್ಲಿ ಕೂತರು. ಹಿಂದಿನ ಸೀಟಿನ ವಸಂತಮ್ಮನವರು ಬಸ್ಸಿನ ಮಾತು ಬಿಟ್ಟು, ಗೇಟು ದಾಟುವಾಗೆಲ್ಲ ಸಣ್ಣ ದನಿಯಲ್ಲಿ "ರೈಟ್, ರೈಟ್" ಎನ್ನತೊಡಗಿದರು. ಗೋಪಾಲಕೃಷ್ಣ ಅವರಿಗೆ ಪರದೆ ಓದಲು ಒಂದು ಕನ್ನಡಕ ಬೇಕು, ರಸ್ತೆ ಕಾಣಲು ಇನ್ನೊಂದು. ಪರದೆಯದನ್ನು ಹಾಕಿಕೊಂಡರೆ ಮುಂದೆ ಬರುವ ಬಸ್ಸು ಹಸಿರು ಮೋಡ. ಆದರೂ ಎರಡೇ ವಾರದಲ್ಲಿ ಕೈ ಪಳಗಿತು. ಗಾಜು ಮಸುಕಾಗುವ ಮೊದಲೇ ಒತ್ತಿ, ಹೇಗೆ ಎಂಬಂತೆ ಹೆಂಡತಿಯತ್ತ ನೋಡುತ್ತಿದ್ದರು. ಅಭ್ಯಾಸ ಆಗತ್ತೆ ಅಂದಿರಲಿಲ್ಲವೇ?

ಆಮೇಲೆ ಒಂದು ರಾತ್ರಿ ಎಲ್ಲರೂ ಮಲಗಿದ್ದಾಗ ಕಾರು ತನ್ನನ್ನು ತಾನೇ ಸುಧಾರಿಸಿಕೊಂಡಿತು.

ಬೆಳಿಗ್ಗೆ ಪರದೆ ಬೇರೆಯೇ ಬಣ್ಣದಲ್ಲಿ ಹೊಳೆಯಿತು. ಅಪ್‌ಡೇಟ್ ಆಗಿದೆ ಎಂದು ಅಭಿನಂದನೆ ಬೇರೆ. ಮಳೆ ಅದಕ್ಕೇ ಕಾದಂತೆ ಫ್ಲೈಓವರಿನ ನಡುಮಧ್ಯೆ ಬಂತು. ಗಾಜು ಬೆಳ್ಳಗಾಯಿತು.

"ಹಾಕ್ರೀ" ಎಂದರು ಸೀತಾ.

"ಇಲ್ಲೇ ಇತ್ತು ಕಣೇ. ಮೊನ್ನೆ ಇಲ್ಲೇ ಇತ್ತು."

"ರೀ, ನಂಗೆ ಏನೂ ಕಾಣ್ತಿಲ್ಲ."

"ಫ್ಯಾನೇ ಇಲ್ಲ ಕಣೇ ಇಲ್ಲಿ. ಅದೆಂಥದೋ ಎಲೆ ಚಿತ್ರ ಇದೆ."

ಹಿಂದಿನಿಂದ ವಸಂತಮ್ಮ ಇಬ್ಬರ ನಡುವೆ ತೂರಿ, ಸೂಜಿ ಚುಚ್ಚದ ಕೈಯಲ್ಲಿ ತಮ್ಮ ಆಸ್ಪತ್ರೆಯ ಟವಲು ಹಿಡಿದು ಗಾಜು ಒರೆಸಿದರು. ಒರೆಸಿದಷ್ಟಗಲ ರಸ್ತೆ ಕಂಡಿತು. ಆ ಬೊಗಸೆಯಷ್ಟು ರಸ್ತೆಯಲ್ಲೇ ಸೀತಾ ಕಾರನ್ನು ತೆವಳಿಸಿಕೊಂಡು ಹೋಗಿ, ಫ್ಲೈಓವರ್ ಇಳಿದು ಬದಿಗೆ ನಿಲ್ಲಿಸಿದರು.

ಇಲ್ಲಿ ಒಂದು ಮಾತು ಹೇಳಬೇಕು. ಗೋಪಾಲಕೃಷ್ಣ ಅವರು ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ಸುರಕ್ಷತಾ ಸಮಿತಿಯ ಕಾರ್ಯದರ್ಶಿಯಾಗಿ ನಿವೃತ್ತರಾದವರು. ವರ್ಷಕ್ಕೊಮ್ಮೆ ಸುರಕ್ಷತಾ ಸಪ್ತಾಹದಲ್ಲಿ ನೌಕರರ ಮನೆಯವರಿಗೂ ಘೋಷವಾಕ್ಯದ ಸ್ಪರ್ಧೆ ಇರುತ್ತಿತ್ತು. ಒಂದು ವರ್ಷ ಸೀತಾ ಬರೆದ ವಾಕ್ಯಕ್ಕೆ ಮೊದಲ ಬಹುಮಾನವಾಗಿ ಸ್ಟೀಲ್ ಡಬ್ಬಿ ಬಂತು, ಈಗಲೂ ಅದರಲ್ಲಿ ಹುಣಸೆಹಣ್ಣಿದೆ. ವಾಕ್ಯವನ್ನು, ಲೋಹದ ತಗಡು ಒತ್ತುವ ಪ್ರೆಸ್ ಷಾಪಿನ ಗೋಡೆಗೆ ಬರೆಸಿದವರು ಗೋಪಾಲಕೃಷ್ಣ ಅವರೇ: ಕಣ್ಣು ಕೆಲಸದ ಮೇಲಿರಲಿ, ಕೈ ಸ್ವಿಚ್ಚಿನ ಮೇಲಿರಲಿ.

ಸೀತಾ ಅದನ್ನು ನೆನಪಿಸಲಿಲ್ಲ. ಎಂಜಿನ್ ಆರಿಸಿ ಕೇಳಿದರು.

"ನಿಮ್ಮ ಪ್ರೆಸ್ ಷಾಪಲ್ಲಿ ಮಷೀನ್ ನಿಲ್ಸೋ ಕೆಂಪು ಬಟನ್ ಇತ್ತಲ್ಲ. ಯಾರಾದ್ರೂ ರಾತ್ರೋರಾತ್ರಿ ಅದನ್ನ ಬೇರೆ ಗೋಡೆಗೆ ಹಾಕಿದ್ರೆ ಏನ್ ಮಾಡ್ತಿದ್ರಿ?"

ಗೋಪಾಲಕೃಷ್ಣ ಪರದೆಯ ಕನ್ನಡಕ ತೆಗೆದರು. "ಹಾಕಿದವನನ್ನ ಸಸ್ಪೆಂಡ್ ಮಾಡಿಸ್ತಿದ್ದೆ" ಎಂದರು. ಅಲ್ಲಿಂದಲೇ ಮಗಳಿಗೆ ಫೋನು ಮಾಡಿದರು. ಕಾರು ಬಂದಾಗಿನಿಂದ ಅದರ ಬಗ್ಗೆ ಅವರು ಹೆಂಡತಿಯ ಪರವಾಗಿ ಮಾತಾಡಿದ್ದು ಅದೇ ಮೊದಲು.

ಯಾಮಿನಿಯ ಬಳಿ ಇದ್ದದ್ದು ಎಂಟು ವರ್ಷದ ಸಣ್ಣ ಕಾರು, ನಾಬ್‌ಗಳದ್ದು. ಬದಲಿಸಿಕೊಳ್ಳೋಣ ಎಂದಾಗ ಅವಳಿಗೆ ಅಪ್ಪ-ಅಮ್ಮನ ಮೇಲೆ ಕನಿಕರವೂ ಹೊಸ ಕಾರಿನ ಮೇಲೆ ಆಸೆಯೂ ಒಟ್ಟಿಗೇ ಬಂದವು. ಭಾನುವಾರವೇ ಬಂದು ಒಯ್ದಳು. ಸೀತಾ ಸಣ್ಣ ಕಾರಿನಲ್ಲಿ ಕೂತು ಎಡಗೈ ಚಾಚಿದರು. ನಾಬ್ ಕೈಗೆ ಸಿಕ್ಕಿತು. ಅಂದಿನಿಂದ ಒಂದು ಸರದಿಯೂ ತಪ್ಪಲಿಲ್ಲ. ಗೋಪಾಲಕೃಷ್ಣ ಅವರು ಮಾತ್ರ, ಕೆಲಸ ಹೋದರೂ, ಎಡಗಡೆ ಸೀಟು ಬಿಟ್ಟುಕೊಡಲಿಲ್ಲ.

ಎರಡನೆಯ ವಾರ ಆಸ್ಪತ್ರೆಯಲ್ಲಿ ವಸಂತಮ್ಮನ ಹಾಸಿಗೆಯ ಪಕ್ಕ ಕೂತಿದ್ದಾಗ ಫೋನು ಬಂತು.

"ಅಮ್ಮಾ, ಸಕ್ಕತ್ ಮಳೆ. ಗಾಜೆಲ್ಲ ಬೆಳ್ಳಗಾಗೋಯ್ತು. ಅದು ಎಲ್ಲಿ ಒತ್ಬೇಕಮ್ಮ?"

ಸೀತಾ ಈ ಫೋನಿಗಾಗಿ ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದರು, ಎರಡೇ ಪದದ್ದು, ಮಗಳಿಂದಲೇ ಕಲಿತದ್ದು. ವಸಂತಮ್ಮನಿಗೂ ಅದು ಗೊತ್ತಿತ್ತು. ಟ್ಯೂಬು ಇಲ್ಲದ ಕೈಯೆತ್ತಿ, ಹೇಳಿ ಹೇಳಿ ಎಂದು ಸನ್ನೆ ಮಾಡಿದರು.

"ಓಡಿಸ್ತಾ ಇದ್ದೀಯಾ?"

"ಹೂಂ. ರಿಂಗ್ ರೋಡಲ್ಲಿ."

"ಪಕ್ಕದಲ್ಲಿ ಯಾರಿದಾರೆ?"

"ಯಾರೂ ಇಲ್ಲ."

ಎರಡು ಪದಗಳನ್ನು ಸೀತಾ ಬದಿಗಿಟ್ಟರು. "ಪರದೆ ಮುಟ್ಬೇಡ. ಕಿಟಕಿ ಇಳ್ಸು. ಇಂಡಿಕೇಟರ್ ಹಾಕಿ ನಿಧಾನವಾಗಿ ಎಡಕ್ಕೆ ಬಾ" ಎಂದರು. ಫೋನಿನಲ್ಲಿ ಮಳೆಯ ಸದ್ದು ಒಳಗೆ ನುಗ್ಗಿತು, ಹಾರ್ನುಗಳು, ಯಾರದೋ ಬೈಗುಳ, ಎಲ್ಲದರ ಅಡಿಯಲ್ಲಿ ಟಿಕ್ ಟಿಕ್. ಅದೊಂದನ್ನೇ ಕೇಳುತ್ತ ಸೀತಾ ಕೂತರು. ಕೊನೆಗೆ ಮಗಳು, ನಿಲ್ಲಿಸಿದೆ ಎಂದಳು.

ಗೋಪಾಲಕೃಷ್ಣ ಆಗಲೇ ಜೇಬಿನಿಂದ ಪರದೆಯ ಕನ್ನಡಕ ತೆಗೆದು ಹಾಕಿಕೊಂಡಿದ್ದರು, ಯಶವಂತಪುರದಿಂದಲೇ ಅದು ಕಂಡುಬಿಡುತ್ತದೆ ಎಂಬಂತೆ. ಹೆಂಡತಿಯ ಕೈಯಿಂದ ಫೋನು ಇಸಿದುಕೊಂಡರು.

"ಹೇಳು ಪುಟ್ಟಾ," ಎಂದರು, "ಎಲೆ ಚಿತ್ರ ಇನ್ನೂ ಇದೆಯಾ, ಅದನ್ನೂ ತೆಗೆದುಬಿಟ್ಟಿದಾರಾ?"